ಬಲಗಡೆಯ ಅಳತೆ

"ಇಗರ್ಜಿಯ ಗೋಡೆಯ ಮೇಲೆ ಗೌಂಡಿಯ ಹೆಸರು ಬರೆಸುತ್ತಾರೇನು?" ಎಂದು ಉಲ್ಹಾಸ ಗಾಂವಕರ್ ನಕ್ಕ ದಿನವೇ ಸುಮಲತಾ ಅವನನ್ನು ಮುಗಿಸಬೇಕೆಂದು ನಿಶ್ಚಯಿಸಿದಳು. ಮುಗಿಸುವುದೆಂದರೆ ವಿಷ ಹಾಕುವುದಲ್ಲ, ಮೆಟ್ಟಿಲ ಮೇಲಿಂದ ನೂಕುವುದೂ ಅಲ್ಲ. ಅವನ ಜೀವ ಕಟ್ಟಿಕೊಂಡು ಅವಳಿಗೇನಾಗಬೇಕಿತ್ತು? ಅವಳಿಗೆ ಬೇಕಿದ್ದದ್ದು ಅವನ ಹೆಸರು. ಆ ಹೆಸರನ್ನು ಹತ್ತು ಜನರ ಎದುರು ಕೆಸರಿಗೆ ಅದ್ದಬೇಕು, ಆಮೇಲೆ ಅವನು ಎಷ್ಟು ತಿಕ್ಕಿ ತೊಳೆದರೂ ಕಲೆ ಹೋಗಬಾರದು.

ಚರ್ಚು ಕಟ್ಟುವ ಗೌಂಡಿ ಎಂಬ ಮಾತು ಅವನ ಬಾಯಿಗೆ ಸುಮ್ಮನೆ ಬಂದಿರಬೇಕು. ಸುಮಲತಾಳ ಅಪ್ಪ ಕೇಶಪ್ಪ ಗದಗ ಸೀಮೆಯ ತಾಂಡಾದಿಂದ ಗೋವೆಗೆ ಬಂದು, ಮಡಗಾಂವಿನಲ್ಲಿ ಕಂಡವರ ಗೋಡೆ ಕಟ್ಟುತ್ತಲೇ ಆಯುಷ್ಯ ಮುಗಿಸಿದವನೆಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದೇ ಅವಳನ್ನು ಹೆಚ್ಚು ಉರಿಸಿತು. ವರ್ಷಗಟ್ಟಲೆ ಎದುರಿಗೆ ಕೂತು ದುಡಿದವಳ ಅಪ್ಪ ಯಾರು, ಅವ್ವ ಯಾರು ಎಂದು ಒಂದು ದಿನವಾದರೂ ಕೇಳಿದ ಮನುಷ್ಯನಲ್ಲ ಅವನು. ಫೋನಿನಲ್ಲಿ ಗೆಳೆಯರೊಡನೆ ಮಾತಾಡುವಾಗ ಮಾತ್ರ, "ನಮ್ಮಲ್ಲೊಬ್ಬ ಘಾಟಿ ಹುಡುಗಿ ಇದ್ದಾಳೆ, ಚುರುಕು," ಎನ್ನುತ್ತಿದ್ದ. ಘಟ್ಟದಾಚೆಯಿಂದ ಬಂದವರಿಗೆ ಗೋವೆಯಲ್ಲಿ ಇಟ್ಟ ಹೆಸರು ಅದು. ಬೈಗುಳವೋ ಬರೀ ಗುರುತೋ ಎಂಬುದನ್ನು ಹೇಳಿದವರ ಮುಖ ನೋಡಿ ತಿಳಿದುಕೊಳ್ಳಬೇಕು.

ಮಡಗಾಂವಿನ ಹಳೇ ಮಾರುಕಟ್ಟೆಯ ಹತ್ತಿರ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಗಾಂವಕರನ ಕಚೇರಿ. ಕಾರ್ಖಾನೆಗಳು ಸರಕಾರಕ್ಕೆ ಕೊಡಬೇಕಾದ ವರದಿಗಳನ್ನು ಬರೆದುಕೊಡುವುದು ಅಲ್ಲಿಯ ಕಸುಬು. ಗಾಳಿಯಲ್ಲಿ ಧೂಳೆಷ್ಟು, ಬಾವಿಯ ನೀರಿನಲ್ಲಿ ಕಬ್ಬಿಣವೆಷ್ಟು, ಯಂತ್ರದ ಸದ್ದೆಷ್ಟು ಎಂದು ಅಳೆಯುವವರು ಅಳೆದು, ಅಂಕಿಗಳನ್ನು ರಾಶಿ ಹಾಕಿ ಹೋಗುತ್ತಿದ್ದರು. ಆ ರಾಶಿಯಿಂದ ಕಣ್ಣಿಗೆ ಕಾಣುವಂಥ ಚಾರ್ಟು ಎಬ್ಬಿಸುವುದು ಸುಮಲತಾಳ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರು ಗೋವೆಯಲ್ಲೇ ಇರಲಿಲ್ಲ. ಇದು ಅವಳು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು, ಆದರೂ ಸುಳ್ಳಲ್ಲ. ಕಂಬ ಎಳೆದರೆ ಸೊನ್ನೆಯಿಂದಲೇ ಎಳೆಯಬೇಕು. ಒಂದು ಚಾರ್ಟಿಗೆ ಒಂದೇ ಅಳತೆಪಟ್ಟಿ. ಮುಖ್ಯವಾದದ್ದಕ್ಕೆ ಒಂದು ಗಾಢ ಬಣ್ಣ, ಉಳಿದದ್ದಕ್ಕೆಲ್ಲ ಬೂದು. ಹೆಸರನ್ನು ದೂರದ ಮೂಲೆಯಲ್ಲಿ ಬಚ್ಚಿಡದೆ ಗೆರೆಯ ಪಕ್ಕದಲ್ಲೇ ಬರೆಯಬೇಕು. ಇದನ್ನೆಲ್ಲ ಅವಳು ಅರ್ಧ ಕಲಿತದ್ದು ಕಾಲೇಜಿನಲ್ಲಿ, ಅರ್ಧ ಕೋಲ್ವಾ ಬೀಚಿನಲ್ಲಿ. ಅವ್ವ ಧಾಮಿಬಾಯಿ ಅಲ್ಲಿ ಮರಳಿನ ಮೇಲೆ ಅರಿವೆ ಹಾಸಿ ಮಣಿಸರ ಮಾರುತ್ತಿದ್ದಳು. ಇದ್ದಬದ್ದ ಸರಗಳನ್ನೆಲ್ಲ ಒಮ್ಮೆಗೇ ಹರವುತ್ತಿರಲಿಲ್ಲ. ನಡುವೆ ಒಂದು ಕೆಂಪು ಸರ, ಸುತ್ತ ಖಾಲಿ ಜಾಗ. ಗಿರಾಕಿಯ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತಿತ್ತು.

ಹಿಂದಿನ ವರ್ಷ ಸಾಂಗೆ ಕಡೆಯ ಮುಚ್ಚಿದ ಗಣಿಗಳ ಸುತ್ತಲಿನ ಬಾವಿಗಳ ಬಗ್ಗೆ ಒಂದು ವರದಿಯಾಯಿತು. ಅಷ್ಟೂ ಬಾವಿಗಳ ಕತೆಯನ್ನು ಸುಮಲತಾ ಒಂದೇ ಪುಟಕ್ಕೆ ತಂದಿದ್ದಳು. ಓದು ಬಾರದವರೂ ತಮ್ಮ ಬಾವಿಯ ಮೇಲೆ ಬೆರಳಿಟ್ಟು ತೋರಿಸುವ ಹಾಗಿತ್ತು. ಪಣಜಿಯಲ್ಲಿ ಸಭೆ ನಡೆದು ಗಾಂವಕರನಿಗೆ ಶಾಲು ಹೊದಿಸಿದರು. ಅವನು ಮೈಕು ಹಿಡಿದು, "ಇದರ ಒಂದೊಂದು ಗೆರೆಯನ್ನೂ ನನ್ನ ಕೈಯಾರೆ ಎಳೆದಿದ್ದೇನೆ," ಎಂದು ಅಂಗೈ ಎತ್ತಿ ತೋರಿಸಿದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಹಿಂದಿನ ಸಾಲಿನಲ್ಲಿ ಪ್ರೊಜೆಕ್ಟರ್ ನೋಡಿಕೊಳ್ಳುತ್ತ ಕೂತ ಸುಮಲತಾಳಿಗೆ ಆ ಚಪ್ಪಾಳೆ ತನ್ನ ಕೆನ್ನೆಗೇ ಬಿದ್ದ ಹಾಗಾಯಿತು. ಮರುದಿನ ಅವಳು ಕೇಳಿದ್ದು ದೊಡ್ಡದೇನಲ್ಲ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ತನ್ನದೊಂದು ಹೆಸರು. ಅದಕ್ಕೇ ಅವನು ಇಗರ್ಜಿಯ ಗೌಂಡಿಯನ್ನು ಎಳೆದು ತಂದದ್ದು.

ಮೋತಿ ಡೊಂಗರಿನ ಇಳಿಜಾರಿನಲ್ಲಿ ಒಂದರ ಹೆಗಲ ಮೇಲೊಂದು ಕೂತ ಮನೆಗಳ ನಡುವೆ ತಾಯಿ ಮಗಳ ಮನೆ. ಅಲ್ಲಿ ಲಂಬಾಣಿ ಮಾತು ಒಳಗಿನದು, ಕನ್ನಡ ಓಣಿಯದು. ಸಿಟ್ಟು ಬಂದರೆ ಇಬ್ಬರೂ ಒಳಗೂ ಕನ್ನಡಕ್ಕೇ ಇಳಿಯುತ್ತಿದ್ದರು, ತಾಯಿಯನ್ನು ಕರೆಯುವ 'ಯಾಡಿ' ಎಂಬುದೊಂದು ಮಾತ್ರ ಹಾಗೇ ಉಳಿಯುತ್ತಿತ್ತು.

"ಯಾಡಿ, ದುಡಿದಾಕಿ ನಾನು, ಶಾಲು ಹೊಚ್ಚಿಸ್ಕೊಂಡಾಂವ ಅವ."

"ಹೆಸರು ಹಾಕ್ರಿ ಅಂತ ಬಾಯಿ ಬಿಟ್ಟು ಕೇಳಿದೇನು?"

"ಕೇಳಿದ್ನೆಲ್ಲಾ. ಇಗರ್ಜಿಗೆ ಗೌಂಡಿ ಹೆಸರು ಹಾಕ್ತಾರೇನು ಅಂದ."

ರೊಟ್ಟಿ ಬಡಿಯುತ್ತಿದ್ದ ಧಾಮಿಬಾಯಿಯ ಕೈ ನಿಂತಿತು. "ನಿಮ್ಮಪ್ಪನ ಸುದ್ದಿ ಅವ ಯಾಕ ತಗದ?"

"ಅಪ್ಪಂದು ಅವಂಗೇನ ಗೊತ್ತು? ಸುಮ್ನ ಅಂದ."

"ಸುಮ್ನ ಅಂದ್ರೂ ಅಂದಂಗs," ಎಂದು ಧಾಮಿಬಾಯಿ ಹಿಟ್ಟಿನ ಮೇಲೆ ಮತ್ತೆ ಕೈ ಹಾಕಿದಳು. ಆ ರೊಟ್ಟಿ ಮಾತ್ರ ತೀರ ತೆಳ್ಳಗಾಗಿ ಹರಿಯಿತು.

ಅವಕಾಶ ಕುಂಕಳ್ಳಿಯಿಂದ ಬಂತು. ಅಲ್ಲಿಯ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆ ಕಬ್ಬಿಣ ಕರಗಿಸುವ ಇನ್ನೊಂದು ಭಟ್ಟಿ ಹೂಡಲು ಹೊರಟಿತ್ತು. ಅದಕ್ಕೆ ಮೊದಲು ಸಾರ್ವಜನಿಕ ಸಭೆ ಕರೆದು, ಸುತ್ತಲಿನ ಗಾಳಿ ಹೇಗಿದೆ ಎಂದು ಊರವರಿಗೆ ತೋರಿಸಬೇಕು. ವರದಿ ಗಾಂವಕರನದು. ಧೂಳು ಎಷ್ಟೋ ತಿಂಗಳು ಸರಕಾರ ಹಾಕಿದ ಮಿತಿ ದಾಟಿತ್ತು. ಅದನ್ನು ಮುಚ್ಚಿಡು ಎಂದು ಅವನು ಹೇಳಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಭಟ್ಟಿಗೆ ಮೊದಲು ಧೂಳು ಸೋಸುವ ಯಂತ್ರ ಕೂಡಿಸಬೇಕೆಂದು ವರದಿಯ ಕೊನೆಯಲ್ಲಿ ಬರೆದಿದ್ದ. ಸುಮಲತಾಳೂ ನೆಟ್ಟಗಿನ ಚಾರ್ಟನ್ನೇ ಮಾಡಿಕೊಟ್ಟಳು. ಬೂದು ಕಂಬಗಳು, ಅಡ್ಡಕ್ಕೆ ಮಿತಿಯ ಗೆರೆ, ಗೆರೆ ದಾಟಿ ಮೇಲೆದ್ದ ಕಂಬಗಳ ತಲೆಗೆ ಕೆಂಪು. ಅದೇ ಅಚ್ಚಾಗಿ ಪುಸ್ತಕವಾಯಿತು, ಪಂಚಾಯತಿಗೆ ಹೋಯಿತು, ಕಪಾಟು ಸೇರಿತು.

ಆದರೆ ಸಭೆಯಲ್ಲಿ ಪುಸ್ತಕ ಯಾರು ಬಿಡಿಸುತ್ತಾರೆ? ಎಲ್ಲರೂ ನೋಡುವುದು ಪರದೆಯನ್ನು. ಪರದೆಗೆಂದೇ ಅವಳು ಇನ್ನೊಂದು ಚಾರ್ಟು ಮಾಡತೊಡಗಿದಳು. ತಾನು ಪಾಲಿಸಿಕೊಂಡು ಬಂದ ನಿಯಮಗಳನ್ನೆಲ್ಲ ಒಂದೊಂದಾಗಿ ಎದುರಿಗಿಟ್ಟುಕೊಂಡು ಒಂದೊಂದನ್ನೇ ಮುರಿದಳು. ಹಾಗೆ ಮುರಿಯಲಿಕ್ಕೂ ಬಲ್ಲವರೇ ಬೇಕು. ಎಡಗಡೆ ಒಂದು ಅಳತೆಪಟ್ಟಿ, ಬಲಗಡೆ ಇನ್ನೊಂದು. ಧೂಳಿನ ಕಂಬಗಳು ಎಡಗಡೆಯ ಅಳತೆಯಂತೆ ನಿಂತವು, ಮಿತಿಯ ಗೆರೆ ಬಲಗಡೆಯ ಅಳತೆಯಂತೆ ಹರಿಯಿತು. ಎಡಗಡೆಯ ಪಟ್ಟಿ ಇನ್ನೂರರವರೆಗೆ ಉದ್ದ, ಹಾಗಾಗಿ ನೂರನಲವತ್ತರ ಕಂಬವೂ ಕುಳ್ಳಗೆ ಕಾಣುತ್ತಿತ್ತು. ಬಲಗಡೆಯ ಪಟ್ಟಿ ನೂರಿಪ್ಪತ್ತಕ್ಕೇ ಮುಗಿಯುತ್ತಿತ್ತು, ಹಾಗಾಗಿ ಮಿತಿಯ ನೂರು ಎತ್ತರಕ್ಕೆ ಹೋಗಿ ಕೂತಿತು. ಸೇರಿನಲ್ಲಿ ಕೊಟ್ಟು ಕಿಲೋದಲ್ಲಿ ಬರೆದುಕೊಳ್ಳುವ ಅಂಗಡಿಯವನ ವಿದ್ಯೆ ಇದು. ಕಂಬಗಳೆಲ್ಲ ಮಿತಿಯ ಕೆಳಗೆ ತಲೆ ತಗ್ಗಿಸಿ ನಿಂತ ಹಾಗಾಯಿತು. ಅವುಗಳಿಗೆ ಎಳೆ ಹಸಿರು ಬಳಿದಳು. ಬಲಗಡೆಯ ಅಂಕಿಗಳನ್ನು ಮಾತ್ರ ಸಣ್ಣಗೆ, ಬೂದಿಯ ಬಣ್ಣದಲ್ಲಿ ಬರೆದಳು. ಒಂದು ಅಂಕಿಯೂ ಸುಳ್ಳಲ್ಲ, ಚಿತ್ರವೆಲ್ಲ ಸುಳ್ಳು. ಮುಗಿದ ಮೇಲೆ ಹಿಂದೆ ಸರಿದು ನೋಡಿದಾಗ ಅವಳಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯೇ ಆಯಿತು.

ತನಗೇ ಗೊತ್ತಿಲ್ಲದೆ ಈ ಬಲೆಯ ದಾರ ಎಳೆಯಬೇಕಾದವನು ಆರಿಫ ಮಾಸ್ತರ. ಮೋತಿ ಡೊಂಗರಿನ ಕೆಳಗಿನ ಓಣಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ಹುಬ್ಬಳ್ಳಿಯ ಮನುಷ್ಯ. ತಮ್ಮ ಕಡೆಯ ಜನ ದುಡಿಯುವ ಕಾರ್ಖಾನೆಯದು ಯಾವ ಸಭೆಯಿದ್ದರೂ ವರದಿಯ ಪುಸ್ತಕ ಪೂರ್ತಿ ಓದಿಕೊಂಡೇ ಬರುತ್ತಿದ್ದ. ಅವನದೊಂದು ಪದ್ಧತಿ ಇತ್ತು. ಪ್ರಶ್ನೆ ಕೇಳುವ ಮೊದಲು ಹೆಸರು ಕೇಳುತ್ತಿದ್ದ. ಇದನ್ನು ಬರೆದವರು ಯಾರು, ಅಳೆದವರು ಯಾರು, ಹೆಸರು ಹೇಳ್ರಿ. ಮೊದಲು ಪ್ರಶ್ನೆ ಕೇಳಿದರೆ ಎಲ್ಲರೂ 'ಅದು ನಮ್ಮ ತಂಡದ ಕೆಲಸ' ಎಂದು ಜಾರಿಕೊಳ್ಳುತ್ತಾರೆ ಎಂಬುದು ಅವನ ಅನುಭವ. ಇಂಥ ಸಭೆಗಳನ್ನು ಸರಕಾರದವರು ವಿಡಿಯೋ ಮಾಡಿಸುತ್ತಾರೆ, ಅಲ್ಲಿ ಒಪ್ಪಿಕೊಂಡದ್ದನ್ನು ಆಮೇಲೆ ನುಂಗಲಾಗದು. ಇಂಥದೇ ಇನ್ನೊಂದು ಸಭೆಯಲ್ಲಿ ತಪ್ಪು ನಕ್ಷೆ ತೋರಿಸಿದ್ದಕ್ಕೆ ಕೋರ್ಟಿನಲ್ಲಿ ಖಟ್ಲೆಯೇ ಆಗಿತ್ತು. ಸಹಿ ಹಾಕಿದವರು ಪಾರಾದರು, ನಕ್ಷೆ ಬರೆದವನು ಜೈಲಿನ ಮೆಟ್ಟಿಲು ಹತ್ತಿದ.

ಗಾಂವಕರ್ ಪರದೆಗೆ ಬೆನ್ನು ಮಾಡಿಯೇ ಭಾಷಣ ಮಾಡುವವನು. "ಚಿತ್ರವೇ ಮಾತಾಡುತ್ತದೆ, ನೀವೇ ನೋಡಿ," ಎಂದು ಹಿಂದಕ್ಕೆ ಕೈ ಬೀಸುವುದು ಅವನ ಗತ್ತು. ತಿರುಗಿ ನೋಡಿದ್ದನ್ನು ಅವಳು ಕಂಡೇ ಇರಲಿಲ್ಲ. ಯಾರು ಎಳೆದದ್ದು ಎಂದು ಯಾರಾದರೂ ಕೇಳಿದರೆ ಉತ್ತರ ಗೊತ್ತಿದ್ದದ್ದೇ: ನಾನೇ. ಕಚೇರಿಯ ಒಂದೊಂದು ಕಂಪ್ಯೂಟರನ್ನೂ ಅವನು ತನ್ನ ಹೆಸರಿಗೇ ಮಾಡಿಸಿಕೊಂಡಿದ್ದ, ಅದರಲ್ಲಿ ಹುಟ್ಟಿದ ಫೈಲುಗಳಿಗೆಲ್ಲ ಅವನೇ ಅಪ್ಪ. ತನ್ನ ಹೆಸರು ಎಲ್ಲೂ ಇಲ್ಲದಿರುವುದು ಇಷ್ಟು ದಿನ ಸುಮಲತಾಳ ಎದೆಯ ಮುಳ್ಳಾಗಿತ್ತು. ಈಗ ಅದೇ ಅವಳ ರಕ್ಷಣೆಯಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೆಸರೇ ಇಲ್ಲದವಳನ್ನು ಯಾವ ಪೊಲೀಸ ಬಂದು ಹಿಡಿದಾನು?

ಅನುಮಾನ ಬಾರದಿರಲೆಂದು ಅವಳು ಕಚೇರಿಯಲ್ಲಿ ಮೆತ್ತಗಾದಳು. ಗಾಂವಕರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಮನೆಯಲ್ಲೂ ಅವನ ಮಾತೆತ್ತುವುದನ್ನು ಬಿಟ್ಟಳು.

"ಯಾಕ ಸುಮಿ, ಈಗೀಗ ಸಾಹೇಬನ ಬೈಯೋದs ಬಿಟ್ಟಿಯಲ್ಲ?" ಎಂದು ಧಾಮಿಬಾಯಿ ಒಂದು ಸಂಜೆ ಕೇಳಿದಳು.

"ಬೈದ್ರ ಏನ ಸಿಗತೈತಿ ಯಾಡಿ? ಹೆಸರಿಂದ ಹೊಟ್ಟಿ ತುಂಬತೈತೇನು? ನಮ್ಮಂಥಾರ ಹಣಿಬರಹನs ಇಷ್ಟು."

ಆಡಿದ್ದು ಬರೀ ನಾಟಕ. ಧಾಮಿಬಾಯಿ ಮಗಳ ಮುಖವನ್ನು ನೋಡಿ ಸೂಜಿಗೆ ದಾರ ಪೋಣಿಸಿದಳು. ಯಾಡಿಯೂ ನಂಬಿದಳು ಎಂದು ಸುಮಲತಾ ಒಳಗೊಳಗೇ ನಕ್ಕಳು.

ಸಭೆಯ ದಿನ ಕುಂಕಳ್ಳಿಯ ಸಭಾಭವನ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಅಧಿಕಾರಿ, ಪಕ್ಕದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ. ಸುಮಲತಾ ಎಂದಿನಂತೆ ಗಾಂವಕರನ ಲ್ಯಾಪ್‌ಟಾಪಿಗೆ ಕೇಬಲ್ಲು ಜೋಡಿಸಿ, ಎಂದಿನಂತೆ ಫೈಲು ತೆರೆದು, ನೆಟ್ಟಗಿನ ಚಾರ್ಟಿನ ಜಾಗದಲ್ಲಿ ಸೊಟ್ಟ ಚಾರ್ಟನ್ನು ಕೂಡಿಸಿದಳು. ಎಲ್ಲರ ಕಣ್ಣೆದುರಿಗೇ ಮಾಡಿದ್ದರಿಂದ ಯಾರೂ ನೋಡಲಿಲ್ಲ. ಗಾಂವಕರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ, ಯಾಕೋ ಅವಳತ್ತ ನೋಡಿ ಮುಗುಳ್ನಕ್ಕ. ನಗು, ನಗು, ಇನ್ನೊಂದು ಗಳಿಗೆ ನಗು ಎಂದುಕೊಂಡಳು ಅವಳು.

ಹೆಂಗಸರ ಸಾಲಿನಲ್ಲಿ ಧಾಮಿಬಾಯಿಯೂ ಕಂಡಳು. ಕನ್ನಡಿ ಹಚ್ಚಿದ ಹಬ್ಬದ ಉಡುಪು, ತೋಳು ತುಂಬ ಬಳೆ. ಪಕ್ಕದಲ್ಲಿ ನೆರೆಮನೆಯ ಕಾಳಿಬಾಯಿ. ಕಾಳಿಬಾಯಿಯ ಗಂಡ ಇದೇ ಕಾರ್ಖಾನೆಯ ಭಟ್ಟಿಯಲ್ಲಿ ದುಡಿಯುತ್ತಿದ್ದ, ರಾತ್ರಿಯೆಲ್ಲ ಕೆಮ್ಮುತ್ತಿದ್ದ. ಅವಳ ಜೊತೆಗೆ ಬಂದಿರಬೇಕು ಯಾಡಿ ಎಂದುಕೊಂಡು ಸುಮಲತಾ ಅದನ್ನು ಅಲ್ಲಿಗೇ ಬಿಟ್ಟಳು. ಅವಳನ್ನು ಕಾಡುತ್ತಿದ್ದದ್ದು ಬೇರೆ: ಆರಿಫ ಬಂದಿರಲಿಲ್ಲ.

ಗಾಂವಕರ್ ಕೊಂಕಣಿಯಲ್ಲಿ ಶುರುಮಾಡಿದ. ಹಸಿರು ಕಂಬಗಳು ಪರದೆಯ ಮೇಲೆ ಬಂದವು. ಅವನು ತಿರುಗದೆ, ಕೈ ಬೀಸಿ, ಚಿತ್ರವೇ ಮಾತಾಡುತ್ತದೆ ಎಂದ. ಸಭೆ ಒಮ್ಮೆಲೇ ಹಗುರಾದದ್ದು ಸುಮಲತಾಳಿಗೆ ಕೇಳಿಸಿತು. "ಎಲ್ಲಾ ಗೆರಿ ಕೆಳಗs ಐತಲ್ಲ ಬೇ, ಸುಮ್ನ ಅಂಜಿದ್ವಿ," ಎಂದು ಕಾಳಿಬಾಯಿ ಪಕ್ಕದವಳಿಗೆ ಹೇಳಿದಳು. ಆಗ ಮಾತ್ರ ಸುಮಲತಾ ಬಾಗಿಲತ್ತ ನೋಡಿದಳು. ಆರಿಫ ಬಾರದೇ ಹೋದರೆ? ಸಭೆ ಇದನ್ನೇ ನಂಬಿ ಎದ್ದುಹೋದರೆ? ಕೇಬಲ್ಲು ಕಿತ್ತು ಬಿಡಬೇಕೆನಿಸಿ ಕೈ ಮುಂದೆ ಹೋಯಿತು. ಇಗರ್ಜಿಯ ಗೌಂಡಿ ನೆನಪಾದ, ಕೈ ಹಿಂದೆ ಬಂತು. ಇಲ್ಲಿಯವರೆಗೆ ಬಂದು ಹೆದರುವ ಹೆಣ್ಣಲ್ಲ ತಾನು.

ಅಷ್ಟರಲ್ಲಿ ಆರಿಫ ಬಾಗಿಲಲ್ಲಿ ಕಾಣಿಸಿಕೊಂಡ. ಬಸ್ಸು ಕೈಕೊಟ್ಟಿತೆಂದು ಯಾರಿಗೋ ಹೇಳುತ್ತಲೇ ಪರದೆಯತ್ತ ನೋಡಿದ, ಅಲ್ಲೇ ನಿಂತ. ಬಗಲಲ್ಲಿದ್ದ ಪುಸ್ತಕ ಬಿಡಿಸಿ, ಒಂದು ಪುಟದಲ್ಲಿ ಬೆರಳಿಟ್ಟು, ಮತ್ತೆ ಪರದೆ ನೋಡಿದ. ಸುಮಲತಾಳಿಗೆ ಜೀವ ಬಂದ ಹಾಗಾಯಿತು. ಗಾಂವಕರ್ ಭಾಷಣ ಮುಗಿಸಿ ನೀರು ಕುಡಿಯುತ್ತಿದ್ದಾಗ ಆರಿಫ ಕೈ ಎತ್ತಿದ.

"ಪ್ರಶ್ನೆ ಆಮ್ಯಾಲ ಕೇಳ್ತೇನ್ರಿ ಸಾಹೇಬ್ರ. ಮೊದ್ಲ ಒಂದ ಹೆಸರು ಹೇಳ್ರಿ. ಪಡದಿ ಮ್ಯಾಲಿನ ಈ ಚಿತ್ರ ತಗದಾವರು ಯಾರು?" ಎಂದು ಕೇಳಿ, ಅದನ್ನೇ ಕೊಂಕಣಿಯಲ್ಲೂ ಹೇಳಿದ.

ಕ್ಯಾಮೆರಾ ಗಾಂವಕರನತ್ತ ತಿರುಗಿತು. ನಾನೇ ಅನ್ನು, ಎಂದು ಸುಮಲತಾಳ ತುಟಿಗಳು ತಾವಾಗಿ ಅಲುಗಿದವು. ಗಾಂವಕರ್ ಎದೆಯ ಮೇಲೆ ಕೈ ಇಟ್ಟುಕೊಂಡ. ಕೇಳಿದವನು ಹೊಗಳಲು ಎದ್ದಿದ್ದಾನೆಂದೇ ಅವನ ಎಣಿಕೆ.

"ಒಳ್ಳೆಯ ಪ್ರಶ್ನೆ," ಎಂದ. "ಇಷ್ಟು ವರ್ಷ ಇದಕ್ಕೆ ನಾನು ತಪ್ಪು ಉತ್ತರ ಕೊಡುತ್ತ ಬಂದೆ. ಇವತ್ತು ಎಲ್ಲರ ಮುಂದೆ ಸರಿ ಮಾಡುತ್ತೇನೆ. ಈ ಚಿತ್ರವನ್ನು ನಾನು ಮುಟ್ಟಿಯೂ ಇಲ್ಲ. ಇದರ ಒಂದೊಂದು ಗೆರೆಯೂ ಅಗೋ, ಅಲ್ಲಿ ಕೂತಿರುವ ಸುಮಲತಾ ರಾಠೋಡಳದು. ಬರೆದುಕೊಳ್ಳಿ ಸಾಹೇಬರೇ, ಸುಮಲತಾ ಕೇಶಪ್ಪ ರಾಠೋಡ."

ಅಪ್ಪನ ಹೆಸರು ಇವನ ಬಾಯಿಗೆ ಹೇಗೆ ಬಂತು? ಅವಳು ಯೋಚಿಸುವಷ್ಟರಲ್ಲಿ ಚಪ್ಪಾಳೆ ಎದ್ದಿತು. ಹೆಂಗಸರ ಸಾಲಿನಲ್ಲಿ ಧಾಮಿಬಾಯಿ ಬಳೆ ಝಲ್ಲೆನ್ನುವಂತೆ ಕೈ ಎತ್ತಿ ನಿಂತಿದ್ದಳು. "ನನ್ ಮಗಳ್ರೀ! ನನ್ ಸುಮಿ! ಎಲ್ಲಾ ಅಕೀನs ತಗದಾಳ್ರೀ, ಯಾರೂ ಕೈ ಹಚ್ಚಿಲ್ಲ!"

ಅಧಿಕಾರಿ ಹೆಸರು ಬರೆದುಕೊಂಡ. ಆರಿಫನ ಬೆರಳು ಪುಟದಲ್ಲೇ ಇತ್ತು, ಮುಖ ಮಾತ್ರ ಇಳಿದುಹೋಗಿತ್ತು. ಓಣಿಯ ಹುಡುಗಿ. ಆದರೂ ಕೇಳಲೇಬೇಕು.

"ಹಂಗಾರ ನೀನs ಹೇಳವ್ವಾ ಸುಮಾ," ಎಂದ ಮೆಲ್ಲಗೆ. "ಪುಸ್ತಕದಾಗಿನ ಚಿತ್ರಕ್ಕ ಒಂದs ಅಳತಿ ಐತಿ. ಇಲ್ಲಿ ಎಡಕ್ಕೊಂದು ಬಲಕ್ಕೊಂದು ಯಾಕಾತು? ಮಿತಿ ದಾಟಿದ ಧೂಳು ಮಿತಿ ಕೆಳಗ ಹೆಂಗ ಬಂತು?"

ಚಪ್ಪಾಳೆ ನಿಂತಿತು. ಕಾಳಿಬಾಯಿ ಪರದೆಯನ್ನೂ ಸುಮಲತಾಳನ್ನೂ ನೋಡಿದಳು. 'ಇದು ನನ್ನದಲ್ಲ' ಎಂದರೆ ಸಾಕಿತ್ತು. ಆದರೆ ಧಾಮಿಬಾಯಿಯ ಕೈ ಇನ್ನೂ ಮೇಲೆಯೇ ಇತ್ತು, ಆ ಮುಖದ ಎದುರು ಆ ಮಾತು ಬಾಯಿಗೆ ಬರಲಿಲ್ಲ. ಸುಮಲತಾ ಎದ್ದು, ತಲೆ ತಗ್ಗಿಸದೆ, ನೆಟ್ಟಗೆ ಕ್ಯಾಮೆರಾವನ್ನೇ ನೋಡಿದಳು.

"ಹೌದ್ರಿ. ನಂದs," ಎಂದಳು.

ಮೈಕಿನ ಕಡೆಗೆ ನಡೆಯುವಾಗ ಗಾಂವಕರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಪರದೆಯತ್ತ ಇನ್ನೂ ತಿರುಗದಿದ್ದ ಅವನಿಗೆ ಏನಾಗುತ್ತಿದೆಯೆಂದು ತಿಳಿದಿರಲಿಲ್ಲ, ಒಳ್ಳೆಯ ಕೆಲಸ ಮಾಡಿದವನ ಸಂತೋಷದಲ್ಲಿದ್ದ. ಕೊಂಕಣಿಯಲ್ಲಿ ಪಿಸುಗುಟ್ಟಿದ: "ನಿನ್ನ ತಾಯಿ ಭಾನುವಾರ ನಮ್ಮ ಮನೆಗೆ ಬಂದಿದ್ದಳು. ಗೇಟಿನ ಎದುರು ಅರಿವೆ ಹಾಸಿಕೊಂಡು ಕೂತವಳು, ನಿನ್ನ ಹೆಸರು ಹೇಳುತ್ತೇನೆಂದು ಮಾತು ಕೊಡುವವರೆಗೆ ಏಳಲೇ ಇಲ್ಲ. ಮೊದಲು ಗಂಡನ ಹೆಸರು ಹೇಳಿ, ಅವನು ಗೌಂಡಿ ಎಂದಳು. ಅಂದು ನಾನಾಡಿದ ಮಾತು ಆಗ ನೆನಪಾಯಿತು." ಸುಮಲತಾ ಕಂಪ್ಯೂಟರನ್ನು ಲೆಕ್ಕಕ್ಕೆ ಹಿಡಿದಿದ್ದಳು, ಕ್ಯಾಮೆರಾವನ್ನು ಹಿಡಿದಿದ್ದಳು, ಆರಿಫನ ಪದ್ಧತಿಯನ್ನೂ ಗಾಂವಕರನ ಗತ್ತನ್ನೂ ಹಿಡಿದಿದ್ದಳು. ಆದರೆ ತನ್ನ ಸಂಕಟವನ್ನೆಲ್ಲ ದಿನಾ ಸಂಜೆ ಯಾಡಿಯ ಮುಂದೆ ತೋಡಿಕೊಂಡವಳು, ತಾನು ಹೂಡಿದ ಸಂಚನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.